ಟ್ರೇ ತೊಳೆದ ನೀರಿನ ರಸ

ಆದದ್ದು ಇಷ್ಟೇ. ಕೋಳಿ ಸುಟ್ಟ ಟ್ರೇಗೆ ನಮ್ಮ ಮೊಮ್ಮಗನ ಹೆಂಡತಿ ಬಿಸಿನೀರು ಹಾಕಿ ಕೆರೆದಳು, ಆ ನೀರನ್ನು ಮೋರಿಗೆ ಚೆಲ್ಲದೆ ಅದರಲ್ಲೇ ರಸ ಮಾಡಿದಳು, ಆ ರಸ ನನ್ನ ರಸಕ್ಕಿಂತ ಚೆನ್ನಾಗಿತ್ತು. ಇದರ ಮೇಲೆ ನಮ್ಮ ಬಳಗದವರು ಹೇಳಿಕೊಂಡು ತಿರುಗುವುದೆಲ್ಲ ಬರೀ ಒಗ್ಗರಣೆ. ಅವರ ಪ್ರಕಾರ ನಾನು ದೊಡ್ಡ ಮನಸ್ಸಿನವಳು, ಹೊಸದಾಗಿ ಬಂದ ಹುಡುಗಿಗೆ ಹೆಸರು ಬರಲಿ ಎಂದು ನನ್ನ ಅಡುಗೆಯನ್ನು ಅವಳ ಉಡಿಗೆ ಹಾಕಿದವಳು. ನನ್ನ ಮನಸ್ಸಿನ ಅಳತೆ ನನಗೆ ಗೊತ್ತು. ಅದರಲ್ಲಿ ನಾನೊಬ್ಬಳು ಕಾಲು ಚಾಚಿ ಮಲಗಬಹುದು, ಎರಡನೆಯವರಿಗೆ ಹಾಸಿಗೆ ಹಾಸುವಷ್ಟು ಜಾಗವಿಲ್ಲ.

ಹೆಂಗಸಿಗೆ ಒಂದು ಅಡುಗೆಯ ಹೆಸರು ಹತ್ತಿತೆಂದರೆ ಅದು ಮುಂಗೈ ಮೇಲಿನ ಹಚ್ಚೆ ಇದ್ದ ಹಾಗೆ, ತಿಕ್ಕಿದರೆ ಹೋಗುವುದಿಲ್ಲ. ನನಗೆ ರಸದ ಹೆಸರು ಹತ್ತಿತ್ತು. ರಸ ಎಂದರೆ ಪಟ್ಟಣದ ಮಂದಿ ತಿಳಿದಂತೆ ತುಂಡಿನ ಮೇಲೆ ಚಮಚೆಯಿಂದ ಸವರುವ ವಸ್ತುವಲ್ಲ. ನಮ್ಮ ಕಡೆ ಜೋಳದ ರೊಟ್ಟಿಯನ್ನು ತಾಟಿನಲ್ಲಿ ಮುರಿದು ಮುರಿದು ರಾಶಿ ಹಾಕುತ್ತಾರೆ, ನಡುವೆ ಕೆರೆ ತೋಡಿದಂತೆ ತೋಡುತ್ತಾರೆ, ಆಮೇಲೆ ಬಡಿಸುವವಳ ಮುಖ ನೋಡುತ್ತಾರೆ. ಆ ಕೆರೆ ತುಂಬಬೇಕು, ಕಟ್ಟೆ ಒಡೆಯಬೇಕು, ರೊಟ್ಟಿ ಮುಳುಗಬೇಕು. ಉಂಡವರು ಮಾಂಸದ ಖಂಡವನ್ನು ಎಣಿಸುವುದಿಲ್ಲ, ರಸ ಎಷ್ಟು ಸಲ ಬಂತು ಎಂದು ನೋಡುತ್ತಾರೆ. ಖಂಡ ಕಡಿಮೆ ಬಿದ್ದ ಮನೆಯನ್ನು ಬಡವರ ಮನೆ ಎನ್ನುತ್ತಾರೆ, ರಸ ಕಡಿಮೆ ಬಿದ್ದ ಮನೆಯನ್ನು ಮನೆಯೇ ಎನ್ನುವುದಿಲ್ಲ.

ಹೋಳಿ ಹುಣ್ಣಿಮೆಗೆ ಹೋಳಿಗೆ ಉಂಡು ಮರುದಿನ ಧೂಳವಡಕ್ಕೆ ಖಂಡ ತಿನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ನನ್ನ ಮಗ ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಪೈಪಿನ ಅಂಗಡಿ ಹಾಕಿ ಅಲ್ಲೇ ಹಿಂದೆ ಮನೆ ಕಟ್ಟಿದ ಮೇಲೆ, ಮೈಂದರ್ಗಿಯಲ್ಲಿ ಹೊಲ ನೋಡಿಕೊಂಡಿರುವ ನನ್ನ ಮೈದುನನ ಸಂಸಾರವೆಲ್ಲ ಧೂಳವಡಕ್ಕೆ ನಮ್ಮಲ್ಲಿಗೇ ಬರುತ್ತದೆ. ಮೈದುನ ಬರುತ್ತಾನೆ, ಅವನ ಮಕ್ಕಳು ಸೊಸೆಯಂದಿರು ಬರುತ್ತಾರೆ, ಎಲ್ಲರಿಗಿಂತ ಮೊದಲು ಅವನ ಹೆಂಡತಿ, ನನ್ನ ನೆಗೆಣ್ಣಿ ಸುಭದ್ರಾ ಬರುತ್ತಾಳೆ. ಸುಭದ್ರಾಳ ದೇಹ ಟೆಂಪೋದಿಂದ ಇಳಿಯುವ ಮೊದಲೇ ಅವಳ ನಾಲಿಗೆ ನಮ್ಮ ಹೊಸ್ತಿಲು ದಾಟಿರುತ್ತದೆ.

ಈ ಸುಭದ್ರಾಳ ಒಂದು ಗುಣವನ್ನು ಇಲ್ಲೇ ಹೇಳಿಬಿಡಬೇಕು. ಅವಳು ಹೆಸರಿಡುತ್ತಾಳೆ. ತೊಟ್ಟಿಲಲ್ಲಿರುವ ಕೂಸಿಗಲ್ಲ, ಮನೆಗೆ ಬಂದ ಸೊಸೆಗೆ. ಮೊದಲನೇ ಧೂಳವಡದಲ್ಲಿ ಹೊಸ ಸೊಸೆಯ ಕೈ ನೋಡಿ ಒಂದು ಹೆಸರು ಬಿಸಾಕುತ್ತಾಳೆ. ಅದು ಮೈಂದರ್ಗಿಯ ಬಸ್ ನಿಲ್ದಾಣದಿಂದ ಅಕ್ಕಲಕೋಟೆಯ ಬಾಜಾರದವರೆಗೆ ನಡೆಯುತ್ತದೆ. ನನ್ನ ಸ್ವಂತ ಸೊಸೆ ಮದುವೆಯಾಗಿ ಬಂದ ವರ್ಷ ತಟ್ಟಿದ ಮೊದಲ ರೊಟ್ಟಿ ಹಂಚಿನ ಮೇಲೆ ಮುರಿಯಿತು. ಗಾಬರಿಯಿಂದ ಎರಡನೆಯದೂ ಮುರಿಯಿತು. ಅಂದಿನಿಂದ ಅವಳು ಮುರಕರೊಟ್ಟಿ. ಈಗ ಅವಳ ತಲೆ ಅರ್ಧ ಬೆಳ್ಳಗಾಗಿದೆ, ಹುಣ್ಣಿಮೆಯ ಚಂದ್ರನಂಥ ರೊಟ್ಟಿ ತಟ್ಟುತ್ತಾಳೆ, ಮಗನ ಮದುವೆಯನ್ನೂ ಮಾಡಿದಳು. ಆ ಮದುವೆಯ ಚಪ್ಪರದಲ್ಲೇ ಸುಭದ್ರಾ ಬೀಗರಿಗೆ ಗುರುತು ಹೇಳಿದ್ದು ಹೀಗೆ: "ಹುಡಗನ ಅವ್ವನ್ನ ನೋಡ್ಬೇಕ್ರಿ? ಅಕೋ, ಹಸರ ಸೀರಿ ಉಟ್ಟಾಳಲ್ಲ, ಅಕೀನ ನಮ್ಮ ಮುರಕರೊಟ್ಟಿ." ಅವಳ ಬಾಯಲ್ಲಿ ಒಮ್ಮೆ ಬಿದ್ದ ಹೆಸರನ್ನು ಯಾವ ದೇವರೂ ಎತ್ತಲಾರ. ನನಗೊಬ್ಬಳಿಗೆ ಮಾತ್ರ ಅವಳು ಹೆಸರಿಡಲಿಲ್ಲ, ಯಾಕೆಂದರೆ ನಾನು ಅವಳಿಗಿಂತ ಮೊದಲೇ ಆ ಮನೆಗೆ ಬಂದಿದ್ದೆ.

ಈ ವರ್ಷ ಹೆಸರಿಡಿಸಿಕೊಳ್ಳುವ ಸರದಿ ಸಾಯಲಿಯದು. ಸಾಯಲಿ ಎಂದರೆ ಮೊಮ್ಮಗ ಪ್ರವೀಣನ ಹೆಂಡತಿ, ಪುಣೆಯ ಹುಡುಗಿ. ಮನೆಮಾತು ಮರಾಠಿ. ಅವಳು ಮರಾಠಿಯಲ್ಲಿ ಕೇಳುತ್ತಾಳೆ, ನಾನು ಕನ್ನಡದಲ್ಲಿ ಬಯ್ಯುತ್ತೇನೆ, ವ್ಯವಹಾರ ನಿಲ್ಲುವುದಿಲ್ಲ. ಈಗೀಗ ಗಂಡನಿಂದ ಕಲಿತ ಕನ್ನಡವನ್ನೂ ನಡುನಡುವೆ ಉದುರಿಸುತ್ತಾಳೆ. ತವರಿನವರು ಕೊಟ್ಟ ಸಾಮಾನಿನಲ್ಲಿ ಒಂದು ಓವನ್ ಬಂದಿತ್ತು. ಧೂಳವಡ ಇನ್ನೂ ದೂರ ಇರುವಾಗಲೇ ಅವಳು ನನ್ನ ಎದುರು ಬಂದು ನಿಂತು, ಈ ಸಲ ಇಡೀ ಇಡೀ ಕೋಳಿಯನ್ನು ಅದರಲ್ಲಿ ಸುಡುತ್ತೇನೆ, ಅದರಿಂದ ಸುರಿಯುವ ರಸದಲ್ಲೇ ಗ್ರೇವಿ ಮಾಡುತ್ತೇನೆ, ನೀವು ಸುಮ್ಮನೆ ಕುಳಿತುಕೊಳ್ಳಿ ಎಂದಳು.

"ಕೋಳಿ ಸುಟ್ರ ರಸಾ ಎಲ್ಲಿಂದ ಬರ್ತೈತಿ? ಸುಟ್ಟ ಮ್ಯಾಲ ಬರೂದು ಬೂದಿ" ಎಂದೆ.

"ಬರತೈತಿ ಆಜೀ. ನೀವು ಬಘಾ ತರ" ಎಂದಳು. ನೋಡಿಯಂತೆ ಎಂದು ಅರ್ಥ.

ಸರಿ ಎಂದೆ. ಯಾಕೆ ಸರಿ ಎಂದೆ ಎಂದರೆ, ಅವಳಿಂದ ಆಗುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಹೊತ್ತಿಗೆ ಸರಿಯಾಗಿ ಅವಳು ಕೈ ಚೆಲ್ಲಿ ಕೂರುತ್ತಾಳೆ, ಆಗ ನಾನು ಎದ್ದು ಸೆರಗು ಸಿಕ್ಕಿಸಿ ಮನೆಯ ಮರ್ಯಾದೆ ಉಳಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಮನೆಯ ಮರ್ಯಾದೆ ಉಳಿಸುವುದು ನನಗೆ ಬಹಳ ಇಷ್ಟ. ಅದಕ್ಕೆ ಮೊದಲು ಯಾರಾದರೂ ಅದನ್ನು ಕಳೆಯಬೇಕಾಗುತ್ತದೆ, ಅಷ್ಟೇ.

ಮೊದಲ ತಂಟೆ ಓವನ್ ಎಲ್ಲಿಡಬೇಕು ಎಂಬುದರಲ್ಲೇ ಶುರುವಾಯಿತು. ನಮ್ಮ ಅಡುಗೆಮನೆಯಲ್ಲಿ ದೇವರ ಗೂಡಿದೆ. ಅಲ್ಲಿಗೆ ಖಂಡ ಬರುವ ಹಾಗಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಗಡಿಗೆಯಲ್ಲಿ, ಬೇರೆ ಸೌಟಿನಲ್ಲಿ ಬೇಯಿಸುವುದು ಪದ್ಧತಿ. ಓವನ್ನಿಗೆ ಮೂರು ಕಲ್ಲು ಸಾಲುವುದಿಲ್ಲ, ಕರೆಂಟು ಬೇಕು. ಕೊನೆಗೆ ಪ್ರವೀಣ ಅದನ್ನು ಹಿಂದಿನ ಪಡಸಾಲೆಗೆ ಹೊತ್ತು ತಂದು, ವಾಷಿಂಗ್ ಮಶೀನಿನ ಪಕ್ಕದಲ್ಲಿಟ್ಟು, ಮಶೀನಿನ ಪ್ಲಗ್ಗನ್ನೇ ಕಿತ್ತು ಅದಕ್ಕೆ ಹಚ್ಚಿದ. ಒಂದು ಪೆಟ್ಟಿಗೆಯಲ್ಲಿ ನಿನ್ನೆಯ ಸೀರೆ, ಇನ್ನೊಂದರಲ್ಲಿ ಇಂದಿನ ಕೋಳಿ. ಎರಡಕ್ಕೂ ಗಾಜಿನ ಕಿಟಕಿ. ಬಟ್ಟೆ ಒಗೆಯಲು ಬಂದವಳು ಒಂದು ಕ್ಷಣ ಯಾವುದಕ್ಕೆ ಸಾಬೂನು ಹಾಕಲಿ ಎಂದು ನಿಂತಳು.

ಕೋಳಿಗಳು ಅಂಗಡಿಯಿಂದ ಬಂದಾಗ ಸಾಯಲಿ ಅವುಗಳ ಕುತ್ತಿಗೆ, ಕಾಲು, ರೆಕ್ಕೆಯ ತುದಿಗಳನ್ನು ತೆಗೆದಿಟ್ಟಳು. ನಾನು ಸದ್ದಿಲ್ಲದೆ ಅವನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಪ್ರವೀಣನಿಗೆ ಹೇಳಿ ಇನ್ನಷ್ಟು ಕಾಲು ಕುತ್ತಿಗೆ ತರಿಸಿ, ದೊಡ್ಡ ಗಡಿಗೆಯ ತುಂಬ ನೀರಿಟ್ಟು, ಅರಿಶಿನ ಹಾಕಿ ಕುದಿಯಲು ಬಿಟ್ಟೆ. ಉಪ್ಪು ಖಾರ ಇನ್ನೂ ಹಾಕಿರಲಿಲ್ಲ. ಅದನ್ನು ಹೊತ್ತು ನೋಡಿ ಹಾಕುವುದೆಂದು ಇಟ್ಟಿದ್ದೆ. ಅದು ನನ್ನ ಬಂದೋಬಸ್ತು. ಮರ್ಯಾದೆ ಉಳಿಸಬೇಕಾದರೆ ಸಾಮಾನು ತಯಾರಿರಬೇಕು.

ಕೋಳಿಗಳನ್ನು ಅವಳು ಮೊಸರು, ಬೆಳ್ಳುಳ್ಳಿ, ನಮ್ಮ ಮನೆಯ ಕಪ್ಪು ಮಸಾಲೆ ಸವರಿ ಒಂದೊಂದಾಗಿ ಸುಟ್ಟಳು. ವಾಸನೆ ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಲಿ. ಎರಡನೆಯದು ಹೊರಗೆ ಬಂದಾಗ ಮೈಂದರ್ಗಿಯ ಟೆಂಪೋ ಬಾಗಿಲಿಗೆ ಬಂದಿತ್ತು. ಸುಭದ್ರಾ ಕಾಲು ತೊಳೆಯದೆ ನೇರವಾಗಿ ಹಿಂದಕ್ಕೇ ಬಂದಳು. ಅಗಲವಾದ ಪರಾತದಲ್ಲಿ ಕುಳಿತಿದ್ದ ಕೆಂಪು-ಕಪ್ಪು ಕೋಳಿಗಳ ಸುತ್ತ ಒಮ್ಮೆ ಪ್ರದಕ್ಷಿಣೆ ಹಾಕಿದಳು.

"ಅಯ್ಯ, ಕೋಳಿ ಸುಟ್ಟೈತಲ್ಲ ಅಕ್ಕಾ! ಯಾರ, ಪುಣೇದಾಕಿ ಮಾಡಿದ್ಲೇನ? ಕಡ್ಯಾಕ ವ್ಯಾಳ್ಯಾ ಸಿಗಲಿಲ್ಲೇನವ್ವಾ ನಿನಗ?"

"ಕಾಕೂ, ಹಂಗಽ ಮಾಡೂದು" ಎಂದಳು ಸಾಯಲಿ ನಗುತ್ತ.

"ಹಂಗಽ? ಛಲೋ ಆತು. ಸುಟ್ಟಕೋಳಿ!" ಎಂದಳು ಸುಭದ್ರಾ. ಅವಳು ಕೋಳಿಗೆ ಹೇಳಿದಳೋ ಹುಡುಗಿಗೆ ಹೇಳಿದಳೋ ಎಂದು ಸಾಯಲಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಅಲ್ಲೇ ರೊಟ್ಟಿ ತಟ್ಟುತ್ತಿದ್ದ ನನ್ನ ಸೊಸೆಗೂ ತಿಳಿಯಿತು. ಅವಳು ತಲೆ ಎತ್ತಿ ಸಾಯಲಿಯನ್ನು ನೋಡಿದ ರೀತಿ, ಒಂದೇ ಜೈಲಿಗೆ ಹೊಸ ಕೈದಿ ಬಂದಾಗ ಹಳಬರು ನೋಡುವ ರೀತಿ. ಆಮೇಲೆ ಗಂಡನಿಂದ ಅರ್ಥ ಕೇಳಿಕೊಂಡು ಬಂದ ಸಾಯಲಿಯ ಮುಖದಲ್ಲಿ ನಗೆ ಇರಲಿಲ್ಲ. "ಆಯುಷ್ಯಭರ?" ಎಂದು ಅತ್ತೆಯನ್ನು ಕೇಳಿದಳು. ಜೀವನವಿಡೀ ಇದೇ ಹೆಸರೇ ಎಂದು. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ಹಾಕಿದಳು. ಇನ್ನು ಉಳಿದದ್ದು ರಸ ಒಂದೇ. ರಸ ಗೆದ್ದರೆ ಹೆಸರು ಬದಲಾಗಬಹುದು, ಇಲ್ಲವಾದರೆ ಆ ಹುಡುಗಿ ತನ್ನ ಮಕ್ಕಳ ಮದುವೆಯ ಚಪ್ಪರದಲ್ಲೂ ಸುಟ್ಟಕೋಳಿಯೇ.

ಟ್ರೇಯನ್ನು ನಾನು ಬಗ್ಗಿ ನೋಡಿದೆ. ತಳಕ್ಕೆ ಕಂದು ಬಣ್ಣದ್ದು ಕಚ್ಚಿ ಹಿಡಿದಿತ್ತು, ಮೇಲೆ ಎಣ್ಣೆಯಂಥ ಕೊಬ್ಬು ತೇಲುತ್ತಿತ್ತು. ನಮ್ಮಲ್ಲಿ ಅದಕ್ಕೆ ಕರಕಲು ಎನ್ನುತ್ತಾರೆ, ಬೂದಿ ಹಾಕಿ ತಿಕ್ಕುತ್ತಾರೆ. ನಾನು ಕೈ ಚಾಚುವಷ್ಟರಲ್ಲಿ ಅವಳು ಕೂಗಿದಳು: "ಥಾಂಬಾ ಆಜೀ! ಚೆಲ್ಲಬ್ಯಾಡ್ರಿ. ತೇ ಸೋನಂ ಆಹೆ!" ನಿಲ್ಲಬೇಕಂತೆ, ಅದು ಚಿನ್ನವಂತೆ. ಕೊಬ್ಬನ್ನು ಮೆಲ್ಲಗೆ ಒಂದು ಬಟ್ಟಲಿಗೆ ಬಸಿದಿಟ್ಟು, ಟ್ರೇಗೆ ಬಿಸಿನೀರು ಹೊಯ್ದು, ಮರದ ಚಮಚೆಯಿಂದ ಕೆರೆದೂ ಕೆರೆದೂ ಆ ಕರಕಲನ್ನೆಲ್ಲ ಎಬ್ಬಿಸಿದಳು. ನಾನು ಆಯುಷ್ಯವೆಲ್ಲ ಮೋರಿಗೆ ಚೆಲ್ಲಿದ ನೀರು ಅದು. ಅವಳು ಅದನ್ನು ಸೋಸಿ ಪಾತೇಲಿಗೆ ಹಾಕಿ, ಗೆದ್ದವರ ಹಾಗೆ ನನ್ನ ಕಡೆ ನೋಡಿದಳು.

ನಾನು ಪಾತೇಲಿಯಲ್ಲಿ ಇಣುಕಿದೆ. "ಇದು ಯಾರಿಗೆ?"

"ಎಲ್ಲರಿಗೆ."

"ಎಲ್ಲರಿಗೆ? ನಮ್ಮ ಮೈದುನನ ಒಂದ ತಾಟಿನ ಕೆರೀಗೆ ಇದು ಸಾಲೂದಿಲ್ಲವ್ವಾ. ಬೆರಳ ಅದ್ದಿ ನೆಕ್ಕಬೇಕೇನ ಮಂದಿ?"

ಪಡಸಾಲೆಯ ಬಾಗಿಲಿಂದ ಅವಳು ಒಳಗೆ ನೋಡಿದಳು. ಮೈಂದರ್ಗಿಯವರು ಸಾಲಾಗಿ ಕುಳಿತಾಗಿತ್ತು. ಸೊಸೆ ಕೊಟ್ಟ ರೊಟ್ಟಿಗಳನ್ನು ಮುರಿಯಲು ಶುರು ಮಾಡಿದ್ದರು. ಆ ರಾಶಿಗಳನ್ನೂ ನಡುವಿನ ಹೊಂಡಗಳನ್ನೂ ಕಂಡು ಅವಳು ಪಾತೇಲಿಯನ್ನು ಇನ್ನೊಮ್ಮೆ ನೋಡಿಕೊಂಡಳು. ಪುಣೆಯಲ್ಲಿ ಗ್ರೇವಿಯನ್ನು ಮೇಲೆ ಸುರಿಯುತ್ತಾರಂತೆ, ಅದರಲ್ಲಿ ಯಾರೂ ಈಜುವುದಿಲ್ಲವಂತೆ. ನಾನು ಸೆರಗು ಸಿಕ್ಕಿಸಿದೆ. ನನ್ನ ಹೊತ್ತು ಬಂದಿತ್ತು.

ಆದರೆ ಹುಡುಗಿ ಅಳಲಿಲ್ಲ. ಅಲ್ಲೇ ನನ್ನ ಲೆಕ್ಕ ತಪ್ಪಿದ್ದು. ಮೂಗು ಅರಳಿಸಿ ಗಾಳಿ ಎಳೆದಳು, ಹಿತ್ತಲ ಕಡೆ ತಿರುಗಿದಳು. "ಆಜೀ, ಆ ಒಲಿ ಮ್ಯಾಲೆ ಏನೈತಿ?"

"ಏನಿಲ್ಲ. ನೀರು."

ಅವಳು ಹೋಗಿ ಮುಚ್ಚಳ ತೆಗೆದಳು. ಕಾಲು ಕುತ್ತಿಗೆಯೆಲ್ಲ ಕರಗಿ ನೀರು ಅಂಟಂಟಾಗಿತ್ತು. ಒಂದು ಗಳಿಗೆ ನನ್ನನ್ನೇ ನೋಡಿದಳು. ನಾನು ಬೇವಿನ ಗಿಡದ ಕಡೆ ನೋಡಿದೆ. "ದ್ಯಾ" ಎಂದಳು, ಕೊಡಿ ಎಂದು. ನಾನು ಕೊಡುವ ಮೊದಲೇ ಬಟ್ಟೆ ಹಿಡಿದು ಗಡಿಗೆ ಇಳಿಸಿಯಾಗಿತ್ತು. ನನ್ನ ಬಂದೋಬಸ್ತು ಹೀಗೆ ಶತ್ರುವಿನ ಕೈ ಸೇರಿತು.

ಆಮೇಲೆ ಅವಳು ಮಾಡಿದ್ದನ್ನು ಸರಿಯಾಗಿ ಹೇಳುತ್ತೇನೆ, ಬೇಕಾದವರು ಮಾಡಿ ನೋಡಲಿ. ರಸಕ್ಕೆ ಮೈ ಬರಲು ನಮ್ಮಲ್ಲಿ ಏಸೂರ ಹಾಕುತ್ತಾರೆ. ಜೋಳ, ಸಜ್ಜೆ, ಕಡಲೆಬೇಳೆ, ಧನಿಯಾ ಹುರಿದು ಬೀಸಿದ ಹಿಟ್ಟು ಅದು. ಆ ಡಬ್ಬಿ ನಾನು ಬೀಸಿ ತುಂಬಿಟ್ಟದ್ದೇ. ತಣ್ಣೀರಲ್ಲಿ ಕಲಸಿ ಕುದಿಯುವ ರಸಕ್ಕೆ ಬಿಡುವುದು ನನ್ನ ಅತ್ತೆ ಕಲಿಸಿದ ರೀತಿ. ಸಾಯಲಿ ಹಾಗೆ ಮಾಡಲಿಲ್ಲ. ಬಸಿದಿಟ್ಟ ಕೋಳಿಯ ಕೊಬ್ಬನ್ನು ದೊಡ್ಡ ಬಾಣಲೆಗೆ ಹಾಕಿ, ಏಸೂರವನ್ನು ಅದರಲ್ಲೇ ಸಣ್ಣ ಉರಿಯಲ್ಲಿ ಹುರಿದಳು, ಖಾರ ಹಾಕಿದಳು, ಟ್ರೇ ತೊಳೆದ ನೀರು ಹೊಯ್ದಳು, ಕೊನೆಗೆ ನನ್ನ ಗಡಿಗೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ತಿರುವಿದಳು. ಒಂದು ಗಂಟೂ ಇಲ್ಲ. ವಾಸನೆ ಒಳಗೆ ಹೋಗಿ, ಮಾತಾಡುತ್ತಿದ್ದ ಮೈದುನ ಅರ್ಧ ಮಾತು ಬಿಟ್ಟು ಬಾಗಿಲ ಕಡೆ ಮೂಗು ತಿರುಗಿಸಿದ.

ಆಗ ಅವಳು ಚಮಚೆಯನ್ನು ಬಾಯಿಗೆ ಒಯ್ದಳು. ನಾನು ಅವಳ ಕೈ ಹಿಡಿದೆ. "ಏ, ಎಂಜಲ ಮಾಡಬ್ಯಾಡ! ಹೊರಗಿನ ದೇವಿಗೆ ನೈವೇದ್ಯ ತೋರಸೂತನಕಾ ಉಪ್ಪ ನೋಡಾಂಗಿಲ್ಲ." ನಾನು ಮದುವೆಯಾಗಿ ಬಂದ ದಿನದಿಂದ ನಡೆಸಿಕೊಂಡು ಬಂದ ಮಾತು ಅದು. ಉಪ್ಪನ್ನು ನಾನು ವಾಸನೆಯಿಂದಲೇ ಹೇಳುತ್ತೇನೆ. ಅವಳು ವಾದ ಮಾಡಲಿಲ್ಲ. ಒಂದು ಎಲೆಯ ಮೇಲೆ ರೊಟ್ಟಿಯ ಚೂರಿಟ್ಟು, ಅದರ ಮೇಲೆ ಆಗಷ್ಟೇ ಕುದಿ ಬಂದ ರಸ ಹಾಕಿ, ಓಡಿಹೋಗಿ ಬೇವಿನ ಗಿಡದ ಬುಡದಲ್ಲಿರುವ ದೇವಿಯ ಕಲ್ಲಿನ ಮುಂದಿಟ್ಟು, ಕೈಮುಗಿದು ಬಂದಳು. "ತೋರ್ಸಿದೆ. ಈಗ ನೋಡಬಹುದು ನಾ?" ಎಂದು ಬಾಯಿಗೆ ಹಾಕಿಕೊಂಡು, ತಲೆ ಅಲ್ಲಾಡಿಸಿ, ಉಪ್ಪು ಹಾಕಿ, ಮತ್ತೆ ನೋಡಿ, ಹುಳಿ ಹಿಂಡಿ, ಮತ್ತೆ ನೋಡಿದಳು. ದೇವಿಗೆ ಸಪ್ಪೆ, ನಮಗೆ ರುಚಿ. ಇಷ್ಟು ವರ್ಷ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಸಿಟ್ಟು ಬಂತು. ಸಿಟ್ಟನ್ನು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ದೇವಿಯ ಮೇಲೆ ಮಾಡುವ ಹಾಗಿರಲಿಲ್ಲ.

ರಸವನ್ನು ಹಿರಿಯಳು ಬಡಿಸಬೇಕು. ಅದೂ ಪದ್ಧತಿಯೇ. ಬಾಣಲೆಯ ರಸವನ್ನು ಸಣ್ಣ ಗಡಿಗೆಗೆ ತುಂಬಿಕೊಂಡು ಸಾಲಿನಲ್ಲಿ ನಾನೇ ನಡೆದೆ. ಕೆರೆಗಳು ತುಂಬಿದವು. ಮೊದಲ ತುತ್ತಿಗೆ ಎಲ್ಲರ ಬೆರಳೂ ಮತ್ತೆ ಕೆರೆಗೆ ಇಳಿದವು. ಎರಡನೆಯದಕ್ಕೆ ಮೈದುನ ತಲೆ ಎತ್ತಿದ.

"ವೈನೀ, ಏನ ಕೈ ರೀ ನಿಮ್ಮದು! ವರ್ಷಾ ವರ್ಷಾ ಏರಾಕತ್ತೈತಲ್ಲ!"

"ನಂದಲ್ಲ. ಸಾಯಲಿ ಮಾಡ್ಯಾಳ" ಎಂದೆ. ನಾನು ಇದ್ದದ್ದನ್ನು ಇದ್ದಂತೆ ಹೇಳುವವಳು. ಇಷ್ಟವಿಲ್ಲದಿದ್ದರೂ ಹೇಳುತ್ತೇನೆ.

"ಕೇಳ್ರಿ, ಕೇಳ್ರಿ!" ಎಂದು ಅವನು ಮಕ್ಕಳ ಕಡೆ ತಿರುಗಿದ. "ಹಿಂಗ ಇರಬೇಕು ಮನಿಯಾಗ ಹಿರ್ಯಾರು. ತಾವು ಮಾಡಿ ಸೊಸೀ ಹೆಸರ ಹೇಳತಾರ."

"ಏ, ಖರೇ ಹೇಳಾಕತ್ತೀನಿ. ಟ್ರೇ ತೊಳದ ನೀರಾಗ ಮಾಡ್ಯಾಳ ಅಕಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸುಭದ್ರಾ ನಕ್ಕು ನಕ್ಕು ನೀರು ಕುಡಿದಳು. "ಅಕ್ಕಾ, ಸುಳ್ಳ ಹೇಳಾಕ ಬರದಿದ್ರ ಹೇಳಬಾರದವಾ. ನಿನ್ನ ಏಸೂರದ ವಾಸನಿ ನಮಗ ಗೊತ್ತಾಗೂದಿಲ್ಲೇನ? ಸುಟ್ಟಕೋಳಿ ಮಾಡಿದ್ದು ಸುಟ್ಟ ಕೋಳಿ. ರಸಾ ನಿಂದು. ಹಾಕಿನ್ನ."

"ಹಿಟ್ಟ ನಂದು, ಮಾಡಿದಾಕಿ ಅಕಿ!"

"ಎಂಥಾ ಗುಣಾ!" ಎಂದು ಸಾಲಿನ ಕೊನೆಯಿಂದ ಮೈದುನನ ಹಿರಿಸೊಸೆ ಕಣ್ಣೊರೆಸಿಕೊಂಡಳು. ಅವಳ ಅತ್ತೆ ಯಾರು ಎಂದು ನೆನಪಾಗಿ ಅತ್ತಿರಬೇಕು.

ನಾನು ಇಲ್ಲ ಎಂದಷ್ಟೂ ನನ್ನ ಕೀರ್ತಿ ಏರಿತು. ಆಯುಷ್ಯದಲ್ಲಿ ಎಷ್ಟೋ ಮಂದಿಗೆ ಮುಖದ ಮೇಲೆ ಎಷ್ಟೋ ಕಟು ಸತ್ಯ ಹೇಳಿದ್ದೇನೆ, ಎಲ್ಲರೂ ನಂಬಿ ಮಾತು ಬಿಟ್ಟಿದ್ದಾರೆ. ಒಂದೇ ಒಂದು ಒಳ್ಳೆಯ ಸತ್ಯ ಹೇಳಲು ಹೋದರೆ ನಂಬುವವರಿಲ್ಲ. ಬಾಗಿಲ ಬಳಿ ಸಾಯಲಿ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಬರದಿದ್ದರೂ ಇದು ತಿಳಿಯಿತು. ಗಡಿಗೆ ತಿರುಗಿ ತುಂಬಿಸಿಕೊಳ್ಳಲು ಹೋದಾಗ ಅವಳು ಮೆಲ್ಲಗೆ, "ರಾಹೂ ದ್ಯಾ ಆಜೀ" ಎಂದಳು. ಇರಲಿ ಬಿಡಿ ಎಂದು. ಬಯ್ದಿದ್ದರೆ ನಾನೂ ನಾಲ್ಕು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದೆ. ಇರಲಿ ಬಿಡಿ ಎಂದರೆ ಏನು ಮಾಡುವುದು? ಸಂಜೆ ಟೆಂಪೋ ಹೊರಟಿತು. ಸುಭದ್ರಾಳಿಗೆ ಮರುದಿನ ಪ್ಯಾಟೆಯಲ್ಲಿ ಕನ್ನಡಕ ಮಾಡಿಸುವುದಿತ್ತು, ಅವಳು ಉಳಿದಳು. ಮಲಗುವ ಮೊದಲು, "ಸುಟ್ಟಕೋಳೀ, ಜರಾ ನೀರ ಕೊಡವ್ವಾ" ಎಂದು ಕೂಗಿದಳು. ಹುಡುಗಿ ತಂಬಿಗೆ ತಂದಿಟ್ಟು ಹೋದಳು.

ನನ್ನ ಮಾತು ನಂಬದ ಸುಭದ್ರಾ ತನ್ನ ನಾಲಿಗೆಯನ್ನಾದರೂ ನಂಬಲಿ ಎಂದು ಮರುದಿನ ಬೆಳಿಗ್ಗೆ ಪ್ರವೀಣನನ್ನು ಎಬ್ಬಿಸಿ ಒಂದು ಕೋಳಿ ತರಿಸಿದೆ, ಕಡಿಸಿಯೇ ತರಿಸಿದೆ. ಹಿತ್ತಲಿನ ಮೂರು ಕಲ್ಲಿನ ಮೇಲೆ, ನನ್ನ ಗಡಿಗೆಯಲ್ಲಿ, ನನ್ನ ಅತ್ತೆ ಕಲಿಸಿದ ರೀತಿಯಲ್ಲಿ ನನ್ನ ರಸ ಮಾಡಿದೆ. ಯಾರಾದರೂ ಅನ್ನಬಹುದು, ಹುಡುಗಿಗೆ ಹೆಸರು ಬರಲಿ ಎಂದು ಬೇಕೆಂದೇ ಕೆಡಿಸಿದೆ ಎಂದು. ಇಲ್ಲ. ಕೈಲಾದಷ್ಟು ಚೆನ್ನಾಗಿ ಮಾಡಿದೆ. ಮಸಾಲೆ ಹೊಸದಾಗಿ ಅರೆದೆ, ಕೊಬ್ಬರಿ ಸುಟ್ಟು ಹಾಕಿದೆ, ಉರಿ ಬಿಟ್ಟು ಏಳಲಿಲ್ಲ. ಒಳಗೊಳಗೆ, ಒಂದು ವೇಳೆ ನನ್ನದೇ ಮೇಲಾದರೆ ಹೇಗೆ ಎಂಬ ಆಸೆಯೂ ಇತ್ತು. ಸುಭದ್ರಾಳನ್ನು ಕರೆದು ತಾಟು ಇಟ್ಟೆ. ಅವಳು ನಿನ್ನೆಯ ರೊಟ್ಟಿ ಮುರಿದು, ಕೆರೆ ತೋಡಿ, ತುಂಬಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು, ತಾಟು ನೋಡಿದಳು.

"ಇದು ನಿಂದು" ಎಂದಳು. "ಉಪ್ಪ ಮುಂದ ಐತಿ, ಯಾವಾಗ್ಲೂ ಇದ್ದಂಗ."

"ಯಾವಾಗ್ಲೂ?"

"ಯಾವಾಗ್ಲೂ." ಇನ್ನೊಂದು ತುತ್ತು ನುಂಗಿದಳು. "ಹಂಗಾರ ನಿನ್ನೀದು ಖರೇನ ಆ ಹುಡಿಗೀದೇನ? ಅಯ್ಯ ಶಿವನಽ, ನಾ ಏನೇನರೆ ಅಂದ ಬಿಟ್ನಲ್ಲ." ಒಳಗಿನ ಬಾಗಿಲ ಕಡೆ ಕತ್ತು ಚಾಚಿ ಕೂಗಿದಳು: "ಸಾಯಲೀ! ಏ ಸಾಯಲೀ, ಇಲ್ಲಿ ಬಾರವಾ, ಆ ಟ್ರೇ ತೊಳ್ಯೂದು ಹೆಂಗಂತ ನನಗೂ ಹೇಳಿಕೊಡು."

ಅವಳು ಬಂದು ಬಾಗಿಲಲ್ಲಿ ನಿಂತಳು. ಸುಭದ್ರಾ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. ನನಗೆ ಉಪ್ಪಿನದೇ ಕೊರೆಯುತ್ತಿತ್ತು.

"ಇಷ್ಟ ವರ್ಷ ಯಾಕ ಹೇಳಲಿಲ್ಲ?" ಎಂದೆ.

"ಹೆಂಗ ಹೇಳಲಿ ಅಕ್ಕಾ? ಸೌಟ ನಿನ್ನ ಕೈಯಾಗ, ತಾಟ ನನ್ನ ಮುಂದ."

ಅವಳ ತಾಟಿಗೆ ಇನ್ನೊಂದು ಸೌಟು ತುಂಬಿ ಸುರಿದೆ.